ಅಣ್ಣನಿಗೆ ಅಡ್ಡ ಬಂದವನು

ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸಿ ಸಂಬಳ ತೆಗೆದುಕೊಳ್ಳುವವನು ನಾನು. ಆದರೂ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನು ಕೇಳಿದರೂ ಓದದೆಯೇ ಒಪ್ಪಿಗೆ ಒತ್ತುವ ಚಾಳಿ ನನ್ನದು. ಕಾಗದದಲ್ಲೂ ಅಷ್ಟೇ. ಒಮ್ಮೆ ಸುತ್ತೋಲೆಯೊಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿ, ಕಬಡ್ಡಿ ತೀರ್ಪುಗಾರನಾಗಿ ಮಳವಳ್ಳಿಗೆ ಹೋಗಬೇಕಾಯಿತು. ತಂಡಕ್ಕೆ ಎಷ್ಟು ಜನ ಎಂದು ಆಟಗಾರರನ್ನೇ ಕೇಳಿದೆ. ಅಷ್ಟಾದರೂ ಬುದ್ಧಿ ಬರಲಿಲ್ಲ.

ಅಣ್ಣ ತೀರಿಕೊಂಡು ಏಳು ತಿಂಗಳಾಗಿತ್ತು. ಅತ್ತಿಗೆ ಸೋಮನಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಹಲಗೂರಿನ ನಮ್ಮ ಮನೆಗೆ ಬಂದರು, ಕೈಯಲ್ಲೊಂದು ಪೆನ್‌ಡ್ರೈವ್. ಅವರ ಮಗಳ ನಾಮಕರಣದ ಹಳೆಯ ವಿಡಿಯೋ ಅದರಲ್ಲಿತ್ತು. ಫೋಟೋಗಳು ಬೇಕಾದಷ್ಟಿದ್ದವು, ಅಣ್ಣನ ದನಿ ಉಳಿದದ್ದು ಇದೊಂದರಲ್ಲೇ. ಕಾಫಿಯನ್ನೂ ಮುಟ್ಟದೆ, "ಒಂದ್ಸಲ ಅವ್ರ ದನಿ ಕೇಳುಸ್ಬುಡಪ್ಪ" ಎಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಅದು ತೆರೆಯಲಿಲ್ಲ. ಪುಕ್ಕಟೆ ಪ್ಲೇಯರ್ ಹುಡುಕಿ, ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಹಸಿರು ಬಟನ್ ಒತ್ತಿದೆ. ಅದು ಕೇಳಿದ್ದಕ್ಕೆಲ್ಲ ನೆಕ್ಸ್ಟ್, ನೆಕ್ಸ್ಟ್ ಎಂದೆ. ತೆರೆಯ ಮೇಲೆ ಅಣ್ಣ ಬಂದ, ತೋಳಲ್ಲಿ ಮಗು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ತಲೆಗೂದಲಿನ ಎಣ್ಣೆ ಮಾರುವವನೊಬ್ಬ ಅವನ ಮುಖದ ಮೇಲೇ ಬಂದು ನಿಂತು ಜೋರಾಗಿ ಮಾತಾಡತೊಡಗಿದ. ಅವನನ್ನು ಮುಚ್ಚಿದರೆ ಇನ್ನಿಬ್ಬರು ಬಂದರು.

"ಯಾರಪ್ಪ ಇವ್ರೆಲ್ಲ?"

"ಜಾಹೀರಾತು, ಅತ್ತಿಗೆ."

"ಯಾರ್ ಕರುದ್ರು ಇವ್ರನ್ನ?"

"ನಾನೇ. ಓದ್ದೆ ಒಪ್ಕೊಂಡ್ಬುಟ್ಟೆ."

ಅತ್ತಿಗೆ ಬೈಯಲಿಲ್ಲ. ಒರೆಸಿದರೆ ಹೋಗುತ್ತಾರೇನೋ ಎಂಬಂತೆ ಸೆರಗಿನಿಂದ ಪರದೆ ಒರೆಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಹೊತ್ತು ಹೊಸದಾಗಿ ಸೇರಿಕೊಂಡದ್ದನ್ನೆಲ್ಲ ಲ್ಯಾಪ್‌ಟಾಪಿನ ಪ್ರೋಗ್ರಾಮುಗಳ ಪಟ್ಟಿಯಲ್ಲಿ ಹುಡುಕಿ ಒಂದೊಂದಾಗಿ ಕಿತ್ತುಹಾಕಿದೆ. ಪ್ಲೇಯರ್ ತಯಾರಿಸಿದವರ ಸ್ವಂತ ಜಾಲತಾಣಕ್ಕೇ ಹೋಗಿ ಮತ್ತೆ ಇಳಿಸಿಕೊಂಡೆ. ಈ ಸಲ ಅತ್ತಿಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ಏನ್ ಬರ್ದವ್ರೆ, ಕನ್ನಡ್ದಲ್ಲಿ ಯೋಳು" ಎಂದರು. ತರಗತಿಯಲ್ಲೂ ನಾನು ಅಷ್ಟು ನಿಧಾನವಾಗಿ ಪಾಠ ಹೇಳಿದವನಲ್ಲ. ಒಂದು ಕಡೆ ತಡೆದೆ. "ಇನ್ನೊಂದು ಪ್ರೋಗ್ರಾಮೂ ಹಾಕ್ಲಾ ಅಂತಾರೆ. ಬೇಕು ಅಂತ ಅವ್ರೇ ಗುರ್ತು ಹಾಕವ್ರೆ."

"ನಾವ್ ಕೇಳ್ನಿಲ್ವಲ್ಲ. ಬ್ಯಾಡ, ತಗಿ."

ತೆಗೆದೆ. ಅಣ್ಣ ಮತ್ತೆ ಬಂದ, ಯಾರೂ ಅಡ್ಡ ಬರಲಿಲ್ಲ. ಅಂದು ಕ್ಯಾಮೆರಾ ಹಿಡಿದಿದ್ದವನು ನಾನು. ನನ್ನ ಕಡೆಗೇ ತಿರುಗಿ, "ಲೇ, ನಾನ್ ಯೋಳೋದ್ನ ಪೂರ್ತಿ ಕೇಳುಸ್ಕಳ್ಳಾ. ಸುಮ್ಕೆ ಹ್ಞೂಂ ಹ್ಞೂಂ ಅನ್ಬ್ಯಾಡ" ಎಂದ. ಅತ್ತಿಗೆ ಏಳು ತಿಂಗಳ ಮೇಲೆ ಮೊದಲ ಸಲ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಪರದೆಯ ಕಡೆ ನೋಡಿ "ಹ್ಞೂಂ" ಎಂದೆ. ಆಮೇಲೆ ಅವನೇನು ಹೇಳಿದನೆಂದು ಅತ್ತಿಗೆಯನ್ನೇ ಕೇಳಬೇಕಾಯಿತು.