ನೆರಳಿನ ಗಿಡ ಕೊಡಿ!

"ಒಂದೇ ತಿಂಗಳು! ಈ ಕತ್ತಲೆ ಮೂಲೆಯನ್ನ ಕಾಡು ಮಾಡದಿದ್ರೆ ನನ್ನ ಹೆಸರು ಬದಲಾಯಿಸು!" ಹಿತ್ತಿಲ ಬಾಗಿಲಲ್ಲಿ ನಿಂತು ಯಜಮಾನರು ಗುಡುಗಿದರು.

"ಹೆಸರು ಯಾಕ್ರೀ, ನೆಲಾನೇ ಬದಲಾಯಿಸ್ತೀನಿ. ತಿಂಗಳಾದ ಮಾರನೇ ದಿನ ಸಿಮೆಂಟು!" ಎಂದಳು ಹೆಂಡತಿ. ಗಾರೆಯವನಿಗೆ ಆಗಲೇ ತಾರೀಖನ್ನೂ ಕೊಟ್ಟುಬಿಟ್ಟಿದ್ದಳು.

ಅಡುಗೆಮನೆಗೂ ಕಾಂಪೌಂಡಿಗೂ ನಡುವಿನ ಆ ಆರಡಿ ಜಾಗ ಸೂರ್ಯನ ಮುಖ ಕಂಡದ್ದೇ ಇಲ್ಲ. ಅಲ್ಲಿ ಗುಲಾಬಿ ಗೋತಾ ಹೊಡೆದಿತ್ತು, ದಾಸವಾಳ ದಿವಾಳಿಯಾಗಿತ್ತು. ಆದರೆ ಈ ಸಲ ಯಜಮಾನರು ಪುಸ್ತಕ ಓದಿದ್ದರು! ನೆರಳಿಗೆ ಹೂವಲ್ಲ, ಎಲೆ ಬೇಕು! ಅಗಲದ್ದು, ಪಟ್ಟೆಯದ್ದು, ಬಣ್ಣದ್ದು! ಜ್ಞಾನದ ಭಾರಕ್ಕೆ ಸ್ಕೂಟರ್ ವಾಲಿಕೊಂಡೇ ನರ್ಸರಿ ತಲುಪಿತು.

"ನೆರಳಿನ ಗಿಡ ಕೊಡಿ! ಎಲೆ ಅಗಲವಾಗಿರಬೇಕು!"

"ಫಸ್ಟ್ ಕ್ಲಾಸ್ ನೆರಳಿನ ಗಿಡ ಇದೆ ಸಾರ್!" ನರ್ಸರಿಯವನು ಎಂಟು ಸಸಿ ಕಟ್ಟಿಕೊಟ್ಟ.

ಹತ್ತನೇ ದಿನಕ್ಕೆ ಎಂಟೂ ಹಳದಿಯಾಗಿ ತಲೆ ತಗ್ಗಿಸಿದವು. ಯಜಮಾನರು ಹೆಂಡತಿಯ ನಿಲುವುಗನ್ನಡಿಯನ್ನೇ ಮಹಡಿಗೆ ಹೊತ್ತು, ಸೂರ್ಯನನ್ನು ಹಿಡಿದು ಮೂಲೆಗೆ ಎಸೆದರು. ಗುರಿ ನಾಲ್ಕೇ ಅಡಿ ತಪ್ಪಿತು. ಪಕ್ಕದ ಮನೆಯಾಕೆ ತಂಪು ಕನ್ನಡಕ ಹಾಕಿಕೊಂಡೇ ಜಗಳಕ್ಕೆ ಬಂದಳು. "ಏನ್ರೀ ಇದು, ನನ್ನ ಅಡುಗೆಮನೆಗೆ ಟಾರ್ಚ್ ಬಿಡ್ತೀರಾ?"

ಸಿಮೆಂಟಿಗೆ ಒಂದೇ ದಿನ ಬಾಕಿ! ಹೆಂಡತಿ ಒಂದು ಕೈಯಲ್ಲಿ ಬಾಡಿದ ಸಸಿ, ಇನ್ನೊಂದರಲ್ಲಿ ಬಾಡಿದ ಗಂಡನನ್ನು ಹಿಡಿದುಕೊಂಡು ನರ್ಸರಿಗೆ ನಡೆದಳು.

"ಅಯ್ಯೋ, ನೆರಳಲ್ಲಿ ನೆಟ್ರಾ? ಇದು ನೆರಳು ಕೊಡೋ ಮರ ಸಾರ್! ಬಿಸಿಲಲ್ಲಿ ಮೂರಾಳೆತ್ತರ ಬೆಳೆಯುತ್ತೆ!"

"ನಾನು ನೆರಳಿನ ಗಿಡ ಅಂದೆನಲ್ಲಯ್ಯಾ!"

"ನಾನೂ ನೆರಳಿನ ಗಿಡಾನೇ ಕೊಟ್ಟೆನಲ್ಲ ಸಾರ್!"

ಒಂದೇ ಒಂದು ಷಷ್ಠೀ ವಿಭಕ್ತಿ ಎಂಟು ಗಿಡಗಳ ಪ್ರಾಣ ತೆಗೆದಿತ್ತು!

ಹೆಂಡತಿ ವಿಭಕ್ತಿಯ ಗೊಡವೆಗೆ ಹೋಗಲಿಲ್ಲ. "ನೆರಳಲ್ಲಿ ಬದುಕೋದು ತೋರ್ಸಪ್ಪ" ಎಂದಳು. ಜರಿಗಿಡ, ಕೆಂಪು ನರದ ಬಣ್ಣದ ಕೆಸು, ಬೆಳ್ಳಿ ಪಟ್ಟೆಯ ಬಳ್ಳಿ... ನೋಡುತ್ತ ನೋಡುತ್ತ ಅವಳ ಕಣ್ಣೇ ಅರಳಿತು. ಹನ್ನೆರಡು ಕುಂಡ ಆರಿಸಿ, ಅಲ್ಲಿಂದಲೇ ಗಾರೆಯವನಿಗೆ ಫೋನ್ ಹಚ್ಚಿದಳು. "ನಾಳೆ ಬರ್ಬೇಡಪ್ಪ."

ಮೂಲೆ ಉಳಿಯಿತು! ಯಜಮಾನರು ಎದೆಯುಬ್ಬಿಸುವಷ್ಟರಲ್ಲಿ ನರ್ಸರಿಯವನು ಉಪಚಾರ ವಿವರಿಸತೊಡಗಿದ. "ಇವು ಬಿಸಿಲು ಕೇಳಲ್ಲಮ್ಮ. ಇಟ್ಟ ಮೂಲೇಲೇ ಇರ್ತವೆ. ದಿನಾ ಒಂದು ಲೋಟ ನೀರು ಹಾಕಿದ್ರೆ ಸಾಕು."

"ಅಂಥದ್ದು ಮನೇಲಿ ಆಗಲೇ ಒಂದಿದೆಯಪ್ಪ. ಅದಕ್ಕೆ ಲೋಟದಲ್ಲಿ ಕಾಫಿ ಆಗ್ಬೇಕು, ಅಷ್ಟೇ."

ನರ್ಸರಿಯವನಿಗೆ ಭಾರೀ ಕುತೂಹಲ. "ಹೌದಾ! ಎಲೆ ಹೇಗಿವೆ ಅಮ್ಮಾ?"

ಹೆಂಡತಿ ಗಂಡನ ನೆತ್ತಿಯತ್ತ ನೋಡಿ ನಿಟ್ಟುಸಿರಿಟ್ಟಳು.

"ಸುತ್ತ ಒಂದೆರಡು ಉಳಿದಿವೆ ನೋಡು!"