ಕಂಡಕ್ಟರನ ಕಾಲು

ಕೈಕಾಲು ನೆಟ್ಟಗಿರುವವರೆಗೆ ಮನುಷ್ಯನಿಗೆ ಅವುಗಳ ನೆನಪೇ ಇರುವುದಿಲ್ಲ. ಇಪ್ಪತ್ತು ವರ್ಷ ಬಸ್ ಕಂಡಕ್ಟರನಾಗಿ ನಿಂತೇ ಬದುಕಿದ ನನಗೆ ಎಡಗಾಲೆಂಬುದು ಒಂದಿದೆ ಎಂದು ತಿಳಿದದ್ದು, ಅದರಲ್ಲಿ ರಕ್ತ ಹೆಪ್ಪುಗಟ್ಟಿ ಬೀದರಿನ ಆಸ್ಪತ್ರೆಯ ಮಂಚ ಹತ್ತಿದಾಗಲೇ. "ಆ ಹೆಪ್ಪು ಎದೆಗೆ ಏರಿದ್ದರೆ ಮುಗೀತಿತ್ತು" ಎಂದರು ಡಾಕ್ಟರು, ಬಸ್ಸು ತಪ್ಪುತ್ತಿತ್ತು ಎನ್ನುವಷ್ಟೇ ಸಲೀಸಾಗಿ. ಎರಡು ತಿಂಗಳು ಭಾಲ್ಕಿಯ ಮನೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟು ಬಿದ್ದುಕೊಂಡೆ. ಡಾಕ್ಟರು ಕೊಟ್ಟ ಬಿಗಿ ಕಾಲುಚೀಲ ತೊಡಿಸಲು ಹೆಣಗುತ್ತ ಹೆಂಡತಿ, "ಅಕ್ಕಿ ಚೀಲದಾಗ ಎಮ್ಮಿ ತುರುಕಿದಂಗ ಆಗಲತ್ತದ ನೋಡ್ರಿ" ಎನ್ನುತ್ತಿದ್ದಳು.

ಮತ್ತೆ ಕೆಲಸಕ್ಕೆ ಬಂದದ್ದು ಔರಾದ–ಬೀದರ ಗಾಡಿಗೆ. ಮಳೆ ಕೈಕೊಟ್ಟ ಎರಡನೆಯ ವರ್ಷ. ಗಾಡಿಯ ತುಂಬ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ ಜನ. ಸೀಟಿನಡಿ ಹಂಚು, ಕೊಡ, ಹಾಸಿಗೆಯ ಗಂಟು. ನನ್ನ ಸೀಟಿನಲ್ಲೇ ಮೂವರು ಕೂತಿದ್ದರು. ಡಾಕ್ಟರ ಮಾತು ಮೀರಿ ನಿಂತೇ ಟಿಕೆಟು ಹರಿಯುತ್ತ ಹಿಂದೆ ಹೋದರೆ, ಡಾಬಕಾ ಹಳ್ಳಿಯ ಹೆಂಗಸೊಬ್ಬಳು ಗಂಡನ ಪಕ್ಕ ಕಾಲು ಚಾಚಿ ಕೂತಿದ್ದಳು. ಒಂದು ಕಾಲು ಎಂದಿನಂತೆ. ಇನ್ನೊಂದು ಬಾತು ಕೆಂಪಗೆ ಮಿರುಗುತ್ತಿತ್ತು. ಟಿಕೆಟು ಹರಿಯುವುದು ಬಿಟ್ಟು ಬಗ್ಗಿ ನೋಡಿದೆ.

"ಎಷ್ಟ ದಿನಾ ಆತವ್ವ?"

"ನಾಕ ದಿನಾ ಆತ್ರೀ. ಉಳುಕ್ಯದ."

"ಉಳುಕಿಲ್ಲ ತಾಯಿ. ನನಗೂ ಇದೇ ಆಗಿತ್ತು. ಬೀದರದಾಗ ಇಳದು ಸೀದಾ ದವಾಖಾನಿಗಿ ನಡೀರಿ. ಜೀವಕ್ಕ ಧೋಕಾ ಅದ."

ಗಂಡ ಕಿಟಕಿಯಾಚೆ ನೋಡಿದ. "ಕೂಲಿಗಿ ಒಯ್ಯೋ ಮುಕಾದಮ ಸ್ಟ್ಯಾಂಡಿನಾಗ ನಿಂತಾನ್ರೀ. ಇವತ್ತ ಹೋಗಲಿಲ್ಲಂದ್ರ ಬ್ಯಾರೆ ಜೋಡಿಗಿ ಕೆಲಸ ಕೊಡ್ತಾನ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಎಷ್ಟ ದಿನಕ್ಕ ಹೋಗಿದ್ರಿ ದವಾಖಾನಿಗಿ?"

"ಎಂಟ ದಿನಕ್ಕ" ಎಂದೆ.

"ಹಂಗಾದ್ರ ನನಗಿನ್ನಾ ನಾಕ ದಿನಾ ಅವ ಬಿಡ್ರಿ" ಎಂದು ನಕ್ಕಳು. ಸುತ್ತಲಿದ್ದವರೂ ನಕ್ಕರು. ಹಾಳಾದ್ದು, ನಾನೂ ನಕ್ಕೆ.

ಬೀದರಿನಲ್ಲಿ ಇಳಿದ ಮೇಲೂ ಹಿಂದೆ ಹಿಂದೆ ಹೋಗಿ ಹೇಳಿದೆ. ಹೈದರಾಬಾದಿನ ಗಾಡಿ ಚಾಲೂ ಆಗಿತ್ತು. ಅವಳು ಬಾತ ಕಾಲನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟು ಹತ್ತಿದಳು.

ಎರಡು ವಾರದ ಮೇಲೆ ಡಾಬಕಾದವರೇ ಹೇಳಿದರು. ಇಟ್ಟಿಗೆ ಹೊತ್ತು ಮಾಳಿಗೆ ಹತ್ತುವಾಗ ಉಸಿರು ಕಟ್ಟಿ ಬಿದ್ದಳಂತೆ, ಏಳಲಿಲ್ಲವಂತೆ.

"ಎಂಟ ದಿನಾ ಅಂತ ಯಾಕ ಹೇಳಿದಿ?" ಎಂದ ನಮ್ಮ ಡ್ರೈವರ್. "ಮರುದಿನಾನೇ ಓಡಿ ಹೋಗಿದ್ದೆ ಅನಬೇಕಿತ್ತು."

"ಹಿಂದಿನ ಗಾಡಿ ಖಾಲಿ ಬರ್ತದ, ಅದಕ್ಕ ಹತ್ರಿ" ಎಂದು ದಿನಕ್ಕೆ ಐವತ್ತು ಸಲ ಸುಳ್ಳು ಹೇಳುವ ಬಾಯಿ ನನ್ನದು. ಅವತ್ತೊಂದು ದಿನ ಅದಕ್ಕೆ ಸತ್ಯ ಹೇಳುವ ಹುಕಿ ಬಂದಿತ್ತು.