ಈರಪ್ಪನು ಬಂಗಾರವನ್ನು ಕಂಡನು

ಆ ಗುರುವಾರ ಮುಂಜಾನೆ ಈರಪ್ಪ ಒಂದು ಬುಟ್ಟಿ ಮಣ್ಣು ಹೊತ್ತುಕೊಂಡು ಶಾಲೆಯ ಕಡೆ ಹೋಗದೆ ಇದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಈರಪ್ಪ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವನು. ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ತಗ್ಗು ಅವನ ಅಪ್ಪ ತೋಡಿದ್ದು. ಅಪ್ಪ ಗಿಡ್ಡ, ಮಗ ಬಿದಿರಿನ ಗಳ. ಹದಿನಾರು ವರ್ಷ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ನೇಯ್ದು ಬೇಸತ್ತು, ಆ ವಾರ ತಗ್ಗನ್ನು ಒಂದು ಗೇಣು ಆಳ ಮಾಡಿದ್ದ. ಆ ಮಣ್ಣನ್ನೇ ಶಾಲೆಯ ಮುಂದಿನ ಹಳ್ಳಕ್ಕೆ ಚೆಲ್ಲುತ್ತಿದ್ದ.

ಶಾಲೆಯೊಳಗೆ ಗುರಪ್ಪ ಮಾಸ್ತರರು ನಾಲ್ಕನೆಯ ಇಯತ್ತೆಗೆ ವಿಭಕ್ತಿ ಕಲಿಸುತ್ತಿದ್ದರು. ಹಿಂದಿನ ದಿನವಷ್ಟೇ ಬಂಗಾರದ ಗಣಿಯ ಪಾಠ ಮುಗಿದಿತ್ತು. ಗಣಿ, ಸುರಂಗ, ಗುದ್ದಲಿ ಎಂಬ ಶಬ್ದಗಳನ್ನು ಹಾಕಿ ವಾಕ್ಯ ಮಾಡಬೇಕಿತ್ತು. ಮಾಸ್ತರರದು ಒಂದು ನಂಬಿಕೆ: ವ್ಯಾಕರಣದ ಪುಸ್ತಕದಲ್ಲಿ ಬರುವ ರಾಮನನ್ನು ಮಕ್ಕಳು ಕಂಡಿಲ್ಲ, ಅದಕ್ಕೇ ವಿಭಕ್ತಿ ಅವುಗಳ ತಲೆಗೆ ಹತ್ತುವುದಿಲ್ಲ. ಕಂಡ ಮನುಷ್ಯ ಬೇಕು. ಅವರು ಕಿಟಕಿಯ ಹೊರಗೆ ನೋಡಿದರು. ಈರಪ್ಪ ಬುಟ್ಟಿ ಕೊಡವುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ, ಮಾಸ್ತರರು ಹಲಗೆಯ ಮೇಲೆ ಬರೆದ ವಾಕ್ಯಗಳನ್ನು ಇಳಿಸಿಕೊಂಡ ನಲವತ್ತು ಪಾಟಿಗಳು ನಲವತ್ತು ಮನೆಗೆ ಹೋದವು. ಈರಪ್ಪನ ಪಕ್ಕದ ಮನೆಯ ಅಹ್ಮದಸಾಬ ನೂಲಿಗೆ ಬಣ್ಣ ಹಾಕುವವನು. ಓದು ಬಾರದು, ಆದ್ದರಿಂದ ಬರೆದದ್ದು ಸುಳ್ಳಿರಬಹುದು ಎಂಬ ಅನುಮಾನವೂ ಬಾರದು. ಅವನ ಮಗಳು ಜುಲೇಖಾ ಕಟ್ಟೆಯ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಓದಿದಳು.

"ಈರಪ್ಪನು ಬಂಗಾರವನ್ನು ಕಂಡನು. ಈರಪ್ಪನು ಗುದ್ದಲಿಯಿಂದ ಗಣಿಯನ್ನು ಅಗೆದನು. ಈರಪ್ಪನು ತಂಗಿಗೆ ಬಂಗಾರವನ್ನು ಕೊಟ್ಟನು. ಈರಪ್ಪನ ದೆಸೆಯಿಂದ ಊರಿಗೆ ಒಳ್ಳೆಯದಾಯಿತು. ಉಳಿದ ಬಂಗಾರವು ಮನೆಯಲ್ಲಿದೆ."

ಅಹ್ಮದಸಾಬ ಬಣ್ಣದ ಕೈಯಲ್ಲೇ ಎದ್ದು ಬಂದ. ಬಾಗಿಲಲ್ಲಿ ನಿಂತು, ಮಗ್ಗದ ಬದಿಗೆ ಇನ್ನೂ ಬಿದ್ದಿದ್ದ ಮಣ್ಣನ್ನು ಬಗ್ಗಿ ನೋಡಿದ.

"ಈರಪ್ಪಣ್ಣ, ಎಷ್ಟ ಆಳಕ್ಕ ಸಿಕ್ತು?"

"ಏನ ಸಿಕ್ತು?"

"ಇರ್ಲಿ, ಹೇಳಬ್ಯಾಡ. ನಮ್ಮಿಬ್ಬರ ನಡುವ ಒಂದ ಗ್ವಾಡಿ ಐತಿ. ಸಿಕ್ಕಿದ್ದು ತಳಗ ನಿನ್ನ ಕಡಿಂದ ನನ್ನ ಕಡಿಗೆ ಹರಿದಿರಬಹುದಲ್ಲ ಅಂತ ಕೇಳಿದೆ."

ಈರಪ್ಪನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಒಳಗಿನಿಂದ ಹೆಂಡತಿ ಗುರುಲಿಂಗವ್ವ ಬಂದಳು. ಜುಲೇಖಾ ಓದಿದ್ದನ್ನು ಅವಳೂ ಕೇಳಿದ್ದಳು. ಗಣಿಯ ಮಾತು ಅವಳಿಗೆ ಅಷ್ಟು ತಾಗಿರಲಿಲ್ಲ, ತಂಗಿಯ ಮಾತು ತಾಗಿತ್ತು.

"ಸೋಮವಾರ ನಿಮ್ಮ ತಂಗಿ ಶಿವಬಸವ್ವ ತುಳಸಿಗೇರಿಗೆ ಹೋಗುಮುಂದ ಗಂಟ ಕಟಗೊಂಡು ಹೋದಳಲ್ರಿ. ಅದರಾಗ ಏನಿತ್ತು?"

"ಸಂಡಿಗಿ. ನೀನ ಕಟ್ಟಿ ಕೊಟ್ಟಿದ್ದಿ."

"ಮ್ಯಾಲ ನಾ ಸಂಡಿಗಿ ಇಟ್ಟೆ. ತಳಗ ನೀವೇನ ಇಟ್ರಿ?"

ಇದಕ್ಕೆ ಉತ್ತರ ಹುಡುಕುತ್ತ ಈರಪ್ಪ ರೊಟ್ಟಿ ಮುರಿದ. ಅಷ್ಟರಲ್ಲಿ ತರುಣ ಸಂಘದವರು ಮೂವರು ಬಂದರು. ಈರಪ್ಪನ ದೆಸೆಯಿಂದ ಊರಿಗೆ ಒಳ್ಳೆಯದಾಯಿತು ಎಂದು ಅವರ ತಮ್ಮಂದಿರ ಪಾಟಿಯಲ್ಲೂ ಇತ್ತು. ಊರಿಗೆ ಏನು ಒಳ್ಳೆಯದು ಎಂಬುದನ್ನು ಅವರು ದಾರಿಯಲ್ಲೇ ತೀರ್ಮಾನಿಸಿಕೊಂಡಿದ್ದರು.

"ಒಂದ ವಾಲಿಬಾಲ್ ನೆಟ್ ಸಾಕ್ರಿ ಕಾಕಾ. ನಾವೇನ ಭಾಳ ಕೇಳಾಂಗಿಲ್ಲ."

ರೊಟ್ಟಿ ಅಲ್ಲೇ ಬಿಟ್ಟು ಈರಪ್ಪ ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಗುರುವಾರ ರಾಚಪ್ಪ ಸಾವಕಾರರ ಅಂಗಡಿಯಲ್ಲಿ ನೂಲು ಕೊಡುವ ದಿನ. ನೂಲು ಸಿಕ್ಕರೆ ಮಗ್ಗ, ಮಗ್ಗ ನಡೆದರೆ ಒಲೆ. ಸಾವಕಾರರು ಅವನನ್ನು ಕಂಡು ಎಂದೂ ಏಳದವರು ಎದ್ದು ನಿಂತರು.

"ಬಾರಪಾ ಈರಪ್ಪ. ನಿನ್ನ ನೂಲು ಹೊಳಬಸಪ್ಪಗ ಕೊಟ್ಟೆ. ಪಾಪ, ಬಡವ."

"ಸಾವಕಾರ್ರ, ನಾ ಏನ ಶ್ರೀಮಂತ ಏನ್ರಿ?"

"ನಮ್ಮ ಮೊಮ್ಮಗನ ಪಾಟಿ ನಾನೂ ನೋಡೇನಿ. ಮಾಸ್ತರ್ರ ಬರೆಸಿದ್ದು. ಒಂದ ಒತ್ತಕ್ಷರ ತಪ್ಪಿಲ್ಲ."

ಈರಪ್ಪನಿಗೆ ಈಗ ಗೋಜಲಿನ ಗಂಟು ಎಲ್ಲಿದೆ ಎಂದು ತಿಳಿಯಿತು. ಅಲ್ಲಿಂದ ನೇರ ಶಾಲೆಗೆ ನಡೆದ. ಮಧ್ಯಾಹ್ನದ ಗಂಟೆ ಹೊಡೆದು ಮಕ್ಕಳು ಒಳಗೆ ಕೂರುತ್ತಿದ್ದರು. ಗುರಪ್ಪ ಮಾಸ್ತರರು ಬಾಗಿಲಿಗೆ ಬಂದು ಎಲ್ಲವನ್ನೂ ಕೇಳಿದರು. ಮೊದಲು ನಕ್ಕರು, ನೂಲಿನ ಮಾತು ಬಂದಾಗ ನಗು ನಿಲ್ಲಿಸಿದರು.

"ಅಯ್ಯ, ಅದು ಬರೇ ಉದಾಹರಣಿ ಮಾರಾಯಾ."

"ನಿಮಗ ಉದಾಹರಣಿ ಮಾಸ್ತರ್ರ. ನನಗ ಸಂಸಾರ."

ಮಾಸ್ತರರು ಒಳ್ಳೆಯವರು. ಗಡ್ಡ ಕೆರೆದುಕೊಂಡರು.

"ನಾ ಬರೆದದ್ದನ್ನ ನಾನ ಸರಿ ಮಾಡ್ತೇನಿ. ಈಗ ಬ್ಯಾರೆ ಪಾಠ, ಅದರಾಗ ಬಂಗಾರದ ಸುದ್ದಿನ ಇಲ್ಲ. ನೀ ಬಡವ ಅನ್ನೂದನ್ನ ಮಕ್ಕಳ ಕಡಿಂದ ಸ್ವಚ್ಛ ಬರೆಸ್ತೇನಿ. ಐದಕ್ಕ ಸಾಲಿ ಬಿಡ್ತದ, ಹೋಗು."

ಈರಪ್ಪನ ಬೆನ್ನು ನೆಟ್ಟಗಾಯಿತು. ಬಡವನೆಂದು ಬರೆಸಿಕೊಳ್ಳಲು ಮನುಷ್ಯ ಇಷ್ಟು ಸಂತೋಷಪಡುವುದನ್ನು ಮಾಸ್ತರರು ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ. ಅವನು ಸಾವಕಾರರ ಅಂಗಡಿಗೆ ತಿರುಗಿ ಹೋಗಿ, "ಐದಕ್ಕ ಪಾಟಿ ಬರ್ತಾವ್ರಿ. ಖರೆ ಏನಂತ ನೀವ ಬಂದು ಕೇಳ್ರಿ" ಎಂದ. ನಿಜವಾಗಿ ಏನು ಬರುತ್ತದೋ ಎಂಬ ಕುತೂಹಲಕ್ಕೆ ಸಾವಕಾರರು ಕೊಡೆ ಹಿಡಿದು ಹೊರಟರು. ಅವರು ಹೊರಟದ್ದನ್ನು ಕಂಡು ಓಣಿಯೂ ಹೊರಟಿತು.

ಐದಕ್ಕೆ ಈರಪ್ಪನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ತರುಣ ಸಂಘದವರು ಮುಂದಿನ ಸಾಲಿನಲ್ಲಿದ್ದರು. ಗುರುಲಿಂಗವ್ವ ಹೊಸ್ತಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕುಳಿತಿದ್ದಳು. ಜುಲೇಖಾ ಬಂದ ಕೂಡಲೇ ಅಹ್ಮದಸಾಬ ಅವಳನ್ನು ಎತ್ತಿ ಕಟ್ಟೆಯ ಮೇಲೆ ನಿಲ್ಲಿಸಿದ.

"ಓದವಾ ತಂಗಿ," ಎಂದ ಈರಪ್ಪ. "ಎಲ್ಲಾರಿಗೂ ಕೇಳೂವಂಗ ಓದು."

"ಯಾವ ಪಾಠ ಕಲಿಸಿದ್ರು?" ಎಂದು ಸಾವಕಾರರು ಕೇಳಿದರು.

"ನಾಟಕದ ಪಾಠರಿ. ಪಾತ್ರ, ವೇಷ, ರಂಗ ಅಂತ ಹೊಸಾ ಶಬ್ದ ಹೇಳಿಕೊಟ್ರು." ಜುಲೇಖಾ ಪಾಟಿಯನ್ನು ಬೆಳಕಿಗೆ ಹಿಡಿದು ಓದಿದಳು.

"ಈರಪ್ಪನು ಬಡವನ ಪಾತ್ರವನ್ನು ಮಾಡುತ್ತಾನೆ. ಈರಪ್ಪನು ಹರಿದ ಅಂಗಿಯ ವೇಷವನ್ನು ಹಾಕುತ್ತಾನೆ. ಈರಪ್ಪನ ನಾಟಕವನ್ನು ಎಲ್ಲರೂ ನಂಬಿದರು."

ಎಲ್ಲರೂ ಈರಪ್ಪನ ಅಂಗಿಯನ್ನು ನೋಡಿದರು. ಅದು ಭುಜದ ಹತ್ತಿರ ಹರಿದಿತ್ತು. ಸಾವಕಾರರು ನಿಧಾನವಾಗಿ ಎರಡೂ ಕೈ ಜೋಡಿಸಿ, ನೂಲಿನ ಮಾತೆತ್ತದೆ ಹೊರಟುಹೋದರು. ತರುಣ ಸಂಘದ ಹಿರಿಯ ಹುಡುಗ ಪಕ್ಕದವನ ಕಿವಿಯಲ್ಲಿ, "ಬರೇ ನೆಟ್ ಕೇಳಿ ತಪ್ಪ ಮಾಡಿದ್ವಿ" ಎಂದ.

ಈರಪ್ಪ ಹೆಂಡತಿಯ ಕಡೆ ತಿರುಗಿದ. ಊರು ನಂಬದಿದ್ದರೂ ಅವಳಿಗೆ ಮನೆಯ ಹಿಟ್ಟಿನ ಡಬ್ಬಿ ಗೊತ್ತು.

ಗುರುಲಿಂಗವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮದುವೆಯ ದಿನ ಕೂಡ ಹಾಗೆ ನೋಡಿರಲಿಲ್ಲ.

"ಹದಿನಾರು ವರ್ಷ ಬಾಳ್ವಿ ಮಾಡೇನ್ರಿ," ಎಂದಳು. "ಒಂದ ದಿನಾನೂ ಗೊತ್ತಾಗಗೊಡಲಿಲ್ಲ. ಎಷ್ಟ ಚಂದ ಪಾರ್ಟ ಮಾಡೀರಿ."